ನಾನು ತೊಳೆದ ನಲವತ್ತೊಂದು ಹೆಂಚು

ಈಗ ಸ್ವಲ್ಪ ಹೊತ್ತಿನ ಮುಂಚೆ ಪಕ್ಕದ ಜ್ಯೂಸ್ ಅಂಗಡಿಯ ಅಕ್ಕ ಹೊರಗೆ ನಲ್ಲಿಯ ಹತ್ತಿರ ಕೂತು ಒಂದು ಹಳೇ ಮಣ್ಣಿನ ಹೂಕುಂಡಕ್ಕೆ ಸಾಬೂನು ಪುಡಿ ಹಾಕಿ ತಿಕ್ಕಲು ಶುರು ಮಾಡಿದರು. ಸಾಬೂನು ಪುಡಿ ಮತ್ತು ಹಳೇ ಮಣ್ಣು, ಎರಡೂ ಸೇರಿದರೆ ಒಂದು ವಾಸನೆ ಬರ್ತದೆ. ನಿಮಗೆ ಅದರಿಂದ ಎಂತದೂ ಆಗ್ಲಿಕ್ಕಿಲ್ಲ. ನನಗೆ ಮಾತ್ರ ಕಿವಿ ಬಿಸಿ ಆಗ್ತದೆ. "ಅಕ್ಕಾ, ಅದನ್ನು ತೊಳೀಬೇಡಿ" ಅಂತ ಹೇಳಲು ಬಾಯಿಗೆ ಬಂದಿತ್ತು. "ಯಾಕೆ, ಈ ಕೊಳೆ ನಿನ್ನದಾ?" ಅಂತ ಅವರು ಕೇಳಿದರೆ ಉತ್ತರ ಎಲ್ಲಿಂದ ತರುವುದು? ಹಾಗಾಗಿ ಒಳಗೆ ಬಂದು ಕೂತು ಇದನ್ನು ಟೈಪ್ ಮಾಡ್ತಾ ಇದ್ದೇನೆ. ಗಿರಾಕಿ ಬಂದರೆ ನಡುವೆ ನಿಲ್ಲಿಸ್ತೇನೆ, ಬೇಜಾರು ಮಾಡ್ಬೇಡಿ.

ನನ್ನ ಕೆಲಸ ಮಣಿಪಾಲದಲ್ಲಿ, ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿಯಲ್ಲಿ. ಪಿಎಚ್‌ಡಿ ಮಾಡುವವರೆಲ್ಲ ನಾಲ್ಕೈದು ವರ್ಷ ಕಷ್ಟಪಟ್ಟು ಬರೆದದ್ದನ್ನು ತಂದು "ಸಂಜೆಯೊಳಗೆ ಬೈಂಡ್ ಆಗ್ಬೇಕು" ಅಂತ ನನ್ನ ಮೇಜಿನ ಮೇಲೆ ಇಡ್ತಾರೆ. ಅಂಟು ಒಣಗುವ ಹೊತ್ತಿಗೆ ನಾನು ಓದ್ತೇನೆ. ನನ್ನ ಇತಿಹಾಸದ ವಿದ್ಯಾಭ್ಯಾಸ ಎಲ್ಲ ಹಾಗೆ ಆದದ್ದು. ಒಂದೇ ತೊಂದರೆ, ಅಂಟು ಬೇಗ ಒಣಗ್ತದೆ. ಹಾಗಾಗಿ ನನಗೆ ಎಲ್ಲ ವಿಷಯದಲ್ಲೂ ಮೊದಲ ಎರಡು ಅಧ್ಯಾಯ ಬಹಳ ಚೆನ್ನಾಗಿ ಗೊತ್ತುಂಟು. ಮೂರನೆಯ ಅಧ್ಯಾಯದಲ್ಲಿ ಎಂತ ಇರ್ತದೆ ಅಂತ ನನ್ನ ಹತ್ತಿರ ಕೇಳಬೇಡಿ.

ಇಷ್ಟು ಓದಿದವಳು ಸುಮ್ಮನೆ ಇರ್ಲಿಕ್ಕೆ ಆಗ್ತದಾ? ಕಾಪುವಿನಲ್ಲಿ ನಮ್ಮದೊಂದು ಇತಿಹಾಸ ಬಳಗ ಉಂಟು, ಅದಕ್ಕೆ ಸೇರಿದೆ. ಲೆಕ್ಕಕ್ಕೆ ಹದಿನಾಲ್ಕು ಸದಸ್ಯರು, ಸಭೆಗೆ ಬರುವುದು ಐದು ಜನ, ಚಹಾ ಬರುವ ಹೊತ್ತಿಗೆ ಒಂಬತ್ತು. ನಮ್ಮ ಅಧ್ಯಕ್ಷರು ಸಂಜೀವಣ್ಣ. ಅವರು ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದವರು. ಯಾವ ಬಸ್ಸು ಎಷ್ಟು ನಿಮಿಷ ನಿಲ್ಲಬೇಕು, ಯಾವಾಗ ಬಿಡಬೇಕು ಅಂತ ವಿಸಿಲ್ ಊದಿ ಓಡಿಸುವ ಕೆಲಸ. ನಿವೃತ್ತಿಯಾದರೂ ಆ ವಿಸಿಲ್ ಅಂಗಿಯ ಕಿಸೆಯಲ್ಲಿ ಇನ್ನೂ ಉಂಟು. ನಮ್ಮ ಸಭೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಶುರು, ನಾಲ್ಕು ಐವತ್ತೆರಡಕ್ಕೆ ಮುಕ್ತಾಯ. ಯಾರಾದರೂ ಅಜ್ಜನ ಕಾಲದ ಕಥೆ ಎಳೆಯಲು ಶುರು ಮಾಡಿದರೆ "ನಿಮ್ಮ ಟೈಮ್ ಆಯ್ತು, ಹಿಂದಿನವರಿಗೆ ಜಾಗ ಕೊಡಿ" ಅಂತ ಹೇಳ್ತಾರೆ. ಮುನ್ನೂರು ವರ್ಷದ ಇತಿಹಾಸವನ್ನು ನಲವತ್ತೆರಡು ನಿಮಿಷದಲ್ಲಿ ಮುಗಿಸುವ ಅಧ್ಯಕ್ಷರು ಬೇರೆ ಎಲ್ಲಿಯೂ ಸಿಗ್ಲಿಕ್ಕಿಲ್ಲ.

ಎರಡು ವರ್ಷದ ಹಿಂದೆ, ಬೇಸಗೆಯಲ್ಲಿ, ಹೆಂಚಿನ ಪ್ರದರ್ಶನ ಮಾಡುವ ಅಂತ ಹೇಳಿದ್ದು ನಾನೇ. ಒಳ್ಳೆಯ ಯೋಚನೆಯೇ ಆಗಿತ್ತು, ಅದನ್ನು ಈಗಲೂ ಹೇಳ್ತೇನೆ. ನಮ್ಮ ಕಡೆಯ ಹಳೇ ಹೆಂಚಿನ ಅಡಿಭಾಗದಲ್ಲಿ ಅದನ್ನು ಮಾಡಿದ ಕಾರ್ಖಾನೆಯ ಗುರುತು ಇರ್ತದೆ. ಕೊಕ್ಕರೆ, ಬೀಗದಕೈ, ನಕ್ಷತ್ರ, ಹೀಗೆ ಒಂದೊಂದು ಚಿತ್ರ. ಆ ಕಾರ್ಖಾನೆಗಳು ಎಷ್ಟೋ ಮುಚ್ಚಿ ಹೋದವು. ಹೆಂಚಿನ ಮಾಡು, ಅಂದರೆ ಚಾವಣಿ, ಇದ್ದ ಮನೆಗಳೂ ಒಂದೊಂದಾಗಿ ತಾರಸಿ ಆಗ್ತಾ ಉಂಟು. ಪೂರ್ತಿ ಹೋಗುವ ಮೊದಲು ಒಂದೊಂದು ಮನೆಯಿಂದ ಒಂದೊಂದು ಹೆಂಚು ಎರವಲು ತಂದು, ಎಲ್ಲವನ್ನೂ ಒಂದೇ ಕಡೆ ಇಟ್ಟು, ಫೋಟೋ ತೆಗೆದು, ಜನರಿಗೆ ತೋರಿಸಿ ವಾಪಸ್ ಕೊಡುವುದು.

"ಮನೆ ಹಿಂದೆ ಪೇರಿಸಿಟ್ಟ ಹೆಚ್ಚಿನ ಹೆಂಚು ಇರ್ತದಲ್ಲ, ಅದನ್ನೇ ಕೇಳುವ" ಅಂದರು ಸಂಜೀವಣ್ಣ.

"ಇಲ್ಲ ಸಂಜೀವಣ್ಣ. ಮಾಡಿನ ಮೇಲೆ ಇದ್ದದ್ದೇ ಬೇಕು. ಇದ್ದ ಜಾಗದಲ್ಲಿ ಬದುಕಿದ ವಸ್ತುವಿಗೇ ಬೆಲೆ" ಅಂದೆ ನಾನು. ಯಾವುದೋ ಪ್ರಬಂಧದ ಎರಡನೇ ಅಧ್ಯಾಯ.

ಅವರು ನನ್ನನ್ನೊಮ್ಮೆ ನೋಡಿ, ವಾಚನ್ನೊಮ್ಮೆ ನೋಡಿ, "ಆಯ್ತು ಮಾರಾಯ್ತಿ" ಅಂದರು. ಹೀಗೆ ನಲವತ್ತೊಂದು ಮನೆಯ ಮಾಡಿನಲ್ಲಿ ನಾವು ನಲವತ್ತೊಂದು ತೂತು ಮಾಡಿದೆವು. ಹೆಚ್ಚಿನವರು ಹಿಂದೆ ಪೇರಿಸಿಟ್ಟದ್ದರಿಂದ ಒಂದನ್ನು ತಾತ್ಕಾಲಿಕಕ್ಕೆ ಅಲ್ಲಿಗೆ ತುರುಕಿದರು.

ಶಿರ್ವದ ಸೆವ್ರಿನ್ ಬಾಯಿಯ ಮನೆಯಲ್ಲಿ ಮಾತ್ರ ಹಾಗೆ ಪೇರಿಸಿಟ್ಟ ಹೆಂಚು ಇರಲಿಲ್ಲ. ಸೆವ್ರಿನ್ ಬಾಯಿಗೆ ಎಪ್ಪತ್ತು ದಾಟಿದೆ, ಮಾತು ಮಾತ್ರ ಮೂವತ್ತರದ್ದು. ಮಗ ರೋಶನ್ ಕುವೈಟಿನಲ್ಲಿ. ಅವನು ಕಟ್ಟಿಸಿದ ದೊಡ್ಡ ತಾರಸಿ ಮನೆಯಲ್ಲಿ ಬಾಯಿ, ಸೊಸೆ ಐರಿನ್, ಇಬ್ಬರು ಮೊಮ್ಮಕ್ಕಳು, ದಿನವಿಡೀ ಗಲಾಟೆ. ಹೊಸ ಮನೆ ಬಂದರೂ ಹಿಂದಿನ ಹಳೇ ಹೆಂಚಿನ ಅಡುಗೆಮನೆಯನ್ನು ಬಾಯಿ ಮುಟ್ಟಲು ಬಿಡಲಿಲ್ಲ. ಗ್ಯಾಸಿನಲ್ಲಿ ಮಾಡಿದ ಮೀನು ಸಾರು ಆಸ್ಪತ್ರೆಯವರು ಕೊಡುವ ಹಾಗೆ ಇರ್ತದಂತೆ. ಐರಿನ್‌ಗೆ ಆ ಹೊಗೆ ಆಗುವುದಿಲ್ಲ. ಅದನ್ನು ತೆಗೆದು ಶೀಟು ಹಾಕಿ ಕಾರು ನಿಲ್ಲಿಸಲು ಜಾಗ ಮಾಡಬೇಕು ಅಂತ ಅವಳ ಆಸೆ. ಅತ್ತೆ ಸೊಸೆ ಜಗಳ ಕುವೈಟಿನವರೆಗೆ ಹೋಗಿ, ಫೋನಿನಲ್ಲೇ ಒಂದು ಒಪ್ಪಂದ ಆಗಿತ್ತು. ಈ ಮಳೆಗಾಲ ಅಡುಗೆಮನೆಯ ಒಳಗೆ ಒಂದು ಹನಿ ಸೋರಿದರೂ ಹೆಂಚು ತೆಗೆಯುವುದು. ಸೋರದಿದ್ದರೆ ಇನ್ನು ಯಾರೂ ಆ ಮಾತು ಎತ್ತುವ ಹಾಗಿಲ್ಲ.

ಇಂಥ ಮನೆಗೆ ಹೋಗಿ ನಾನು ಒಂದು ಹೆಂಚು ಕೊಡಿ ಅಂತ ಕೇಳಿದ್ದು.

"ಕೊಡ್ತೇನೆ" ಅಂದರು ಬಾಯಿ. "ಆದರೆ ಮಳೆಗೆ ಮೊದಲು ವಾಪಸ್ ಬರಬೇಕು. ಇಲ್ಲದಿದ್ದರೆ ಇವಳು ಅಲ್ಲಿ ಕಾರು ನಿಲ್ಲಿಸ್ತಾಳೆ."

"ಕಾರು ಇನ್ನೂ ತಗೊಳ್ಳಲಿಲ್ಲ ಮಾಂಯ್" ಅಂದಳು ಐರಿನ್, ಬಾಗಿಲಿನ ಹತ್ತಿರದಿಂದ. ಮಾಂಯ್ ಅಂದರೆ ಅವರ ಕೊಂಕಣಿಯಲ್ಲಿ ಅತ್ತೆ.

"ತಗೊಳ್ತೀ. ನಿನ್ನ ಮುಖದಲ್ಲೇ ಕಾಣ್ತದೆ."

ನಾನು ಎದೆ ಮೇಲೆ ಕೈ ಇಟ್ಟು ಮಾತು ಕೊಟ್ಟೆ. ತೆಗೆದ ಜಾಗಕ್ಕೆ ಪ್ಲಾಸ್ಟಿಕ್ ಹೊದಿಸಿ ಮೇಲೆ ಕಲ್ಲಿಟ್ಟೆವು. ಬಾಯಿಯ ಹೆಂಚು ಒಳಬದಿಯಲ್ಲಿ ಹೊಗೆ ಹಿಡಿದು ದೋಸೆ ಕಾವಲಿಯ ಹಾಗೆ ಕಪ್ಪಾಗಿತ್ತು. ಸಂಜೀವಣ್ಣ ಪ್ರತಿ ಹೆಂಚಿನ ಅಡಿಗೆ ಬಿಳಿ ಸೀಮೆಸುಣ್ಣದಲ್ಲಿ ಮನೆಯ ಹೆಸರು ಬರೀತಿದ್ದರು, ಬಸ್ಸಿನ ಬೋರ್ಡಿನ ಅಕ್ಷರದಲ್ಲಿ. ಕಪ್ಪಿನ ಮೇಲೆ "ಸೆವ್ರಿನ್ ಬಾಯಿ, ಶಿರ್ವ" ಅಂತ ಎಷ್ಟು ಚೆಂದ ಕಾಣ್ತಿತ್ತು ಅಂತೀರಿ.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ನಾನು ಒಬ್ಬಳೇ ಸಭಾಭವನದಲ್ಲಿ ಇದ್ದೆ. ಹೆಂಚುಗಳನ್ನೆಲ್ಲ ಸಾಲಾಗಿ ಕವುಚಿ ಇಟ್ಟು ನೋಡಿದೆ. ಪಾಚಿ, ಮಸಿ, ಜೇಡನ ಬಲೆ, ಎಲ್ಲೆಲ್ಲೂ ಕೊಳೆ. ಕಾರ್ಖಾನೆ ಗುರುತು ಕಾಣುವುದೇ ಇಲ್ಲ. ಆಗ ನನಗೆ ಹಳೇ ವಸ್ತುಗಳ ಸಂರಕ್ಷಣೆ ಬಗ್ಗೆ ಬೈಂಡ್ ಮಾಡಿದ ಒಂದು ಪ್ರಬಂಧ ನೆನಪಾಯಿತು. ಎರಡನೇ ಅಧ್ಯಾಯದ ಹೆಸರೇ "ಸ್ವಚ್ಛಗೊಳಿಸುವಿಕೆ". ತಡ ಯಾಕೆ ಅಂತ ಅಂಗಡಿಗೆ ಹೋಗಿ ಎರಡು ಪ್ಯಾಕೆಟ್ ಸಾಬೂನು ಪುಡಿ, ಒಂದು ತೆಂಗಿನ ನಾರಿನ ಬ್ರಷ್ ತಂದೆ. ಸೊಂಟಕ್ಕೆ ಚೂಡಿದಾರದ ಶಾಲು ಕಟ್ಟಿಕೊಂಡು ತಿಕ್ಕಿದೆ ನೋಡಿ. ಐದು ಗಂಟೆ ಹೊತ್ತು. ನಲವತ್ತೊಂದನ್ನೂ. ಮುಗಿಯುವಾಗ ಒಂದೊಂದು ಹೆಂಚು ಹಬ್ಬದ ದಿನ ತಲೆಗೆ ಸ್ನಾನ ಮಾಡಿಸಿದ ಮಕ್ಕಳ ಹಾಗೆ ಕೆಂಪಗೆ ಹೊಳೀತಿತ್ತು. ನನಗೆ ಎಷ್ಟು ಹೆಮ್ಮೆ ಆಯಿತೆಂದರೆ, ಬಕೆಟಿನ ಕಪ್ಪು ನೀರಿನ ಫೋಟೋ ಕೂಡ ತೆಗೆದು ಬಳಗದ ಗ್ರೂಪಿಗೆ ಹಾಕಿದೆ.

ಮರುದಿನ ಬೆಳಿಗ್ಗೆ ಸಂಜೀವಣ್ಣ ಬಂದರು. ಮೊದಲನೇ ಹೆಂಚು ಎತ್ತಿ ಅಡಿ ನೋಡಿದರು. ಎರಡನೆಯದು ಎತ್ತಿದರು. ಏಳನೆಯದರ ಹೊತ್ತಿಗೆ ಕುರ್ಚಿ ಎಳೆದು ಕೂತರು.

"ಬೋರ್ಡು ಎಲ್ಲಿ?" ಅಂದರು.

"ಯಾವ ಬೋರ್ಡು?"

"ಹೆಸರು ಮಾರಾಯ್ತಿ, ಹೆಸರು. ನಲವತ್ತೊಂದು ಬಸ್ಸು ನಿಂತಿದೆ, ಒಂದಕ್ಕೂ ಬೋರ್ಡಿಲ್ಲ. ಯಾವುದು ಎಲ್ಲಿಗೆ ಹೋಗುವುದು?"

ಸೀಮೆಸುಣ್ಣ ನೀರಿಗೆ ಹೋಗ್ತದೆ ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಆದರೆ ಆ ಹೊತ್ತಿಗೆ ನಾನು ಇತಿಹಾಸ ತೊಳೀತಿದ್ದೆ ನೋಡಿ, ಇಂಥ ಸಣ್ಣ ವಿಷಯ ತಲೆಗೆ ಬರಲಿಲ್ಲ. ಆಮೇಲೆ ಆ ಪ್ರಬಂಧ ಬರೆದವರಿಗೆ ಫೋನ್ ಮಾಡಿ ಕೇಳಿದೆ. ಎರಡನೇ ಅಧ್ಯಾಯ ಪೂರ್ತಿ ಹಿಂದಿನವರು ಮಾಡ್ತಿದ್ದ ಕ್ರಮದ ಬಗ್ಗೆಯಂತೆ. ಅದೆಲ್ಲ ತಪ್ಪು, ಏನೂ ಮುಟ್ಟುವ ಮೊದಲು ಎಲ್ಲವನ್ನೂ ಬರೆದಿಟ್ಟುಕೊಳ್ಳಬೇಕು ಅಂತ ಮೂರನೇ ಅಧ್ಯಾಯದಲ್ಲಿ ಉಂಟಂತೆ.

ಪ್ರದರ್ಶನ ಮಾತ್ರ ಜೋರಾಯಿತು. ಉಡುಪಿಯಿಂದ, ಕಾರ್ಕಳದಿಂದ, ಕೆಮ್ಮಣ್ಣಿನಿಂದ ಜನ ಬಂದರು. ತೊಳೆದ ಮೇಲೆ ಒಂದು ಹೆಂಚಿನ ಅಡಿಯಲ್ಲಿ ಗರಿ ಬಿಚ್ಚಿದ ನವಿಲು ಕಂಡಿತ್ತು. ಅಂಥದ್ದು ಬೇರೆ ಯಾವುದೂ ಇರಲಿಲ್ಲ, ಹಾಗಾಗಿ ಅದನ್ನು ನಡುವೆ ಎತ್ತರದ ಸ್ಟೂಲಿನ ಮೇಲಿಟ್ಟು ಸೇವಂತಿಗೆ ಮಾಲೆ ಹಾಕಿದ್ದೆ. ಸಂಜೀವಣ್ಣ ಮೈಕಿನಲ್ಲಿ, ತುಂಬಾ ಮರ್ಯಾದೆಯಿಂದ, "ದಯವಿಟ್ಟು ತಮ್ಮ ತಮ್ಮ ಮನೆಯ ಹೆಂಚನ್ನು ತಾವೇ ಗುರುತಿಸಿ ಕೊಂಡುಹೋಗಬೇಕು" ಅಂತ ಹೇಳಿದರು.

ಹನ್ನೊಂದು ಮನೆಯವರು ನವಿಲು ತಮ್ಮದು ಅಂದರು.

ಒಬ್ಬರ ಅಜ್ಜ ಅದನ್ನು ದೋಣಿಯಲ್ಲಿ ತಂದದ್ದಂತೆ. ಇನ್ನೊಬ್ಬರ ಮನೆಗೆ ನವಿಲು ಅಂತಲೇ ಅಡ್ಡಹೆಸರಂತೆ. ಕಾರ್ಕಳದ ಒಬ್ಬ ಅಮ್ಮ ಹೆಂಚಿನ ಮೇಲೆ ಕೈ ಆಡಿಸಿ ಕಣ್ಣೊರೆಸಿಕೊಂಡರು, ಮದುವೆಯಾಗಿ ಬಂದ ದಿನವೇ ಅವರು ಅದನ್ನು ನೋಡಿದ್ದರಂತೆ. ಮಾಡಿನ ಮೇಲಿದ್ದ ಹೆಂಚಿನ ಅಡಿಯನ್ನು, ಅದೂ ತಲೆ ತಗ್ಗಿಸಿ ಒಳಗೆ ಬರುವ ಮದುಮಗಳು, ಹೇಗೆ ನೋಡಿದರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ. ಹನ್ನೊಂದು ಇತಿಹಾಸವನ್ನೂ ಶ್ರದ್ಧೆಯಿಂದ ಬರೆದುಕೊಂಡೆ. ಮೂಲೆ ಒಡೆದ ಹೆಂಚುಗಳಿಗೆ ಅಪ್ಪ ಅಮ್ಮ ಯಾರೂ ಸಿಗಲಿಲ್ಲ.

ಸೆವ್ರಿನ್ ಬಾಯಿ ಮಾತ್ರ ಸಾಲಿನಲ್ಲಿ ಎರಡು ಸುತ್ತು ನಡೆದು, "ನನ್ನದು ಕಪ್ಪು" ಅಂದರು.

"ಬಾಯಿ, ಈಗ ಯಾವುದೂ ಕಪ್ಪಿಲ್ಲ."

"ನಲವತ್ತು ವರ್ಷದ ಹೊಗೆ ಇತ್ತು ಅದರಲ್ಲಿ."

"ತೊಳೆದೆ ಬಾಯಿ."

ಬಾಯಿ ನನ್ನನ್ನು ನೋಡಿದರು. ಬೈಯಲಿಲ್ಲ. "ಸಾಯ್ಬಾ" ಅಂತ ದೇವರನ್ನು ಕರೆದು ಎದೆ ಮೇಲೆ ಶಿಲುಬೆ ಗುರುತು ಹಾಕಿದರು, ಅಷ್ಟೆ. ಅದು ನನಗಾಗಿಯೋ ಹೆಂಚಿಗಾಗಿಯೋ ಗೊತ್ತಾಗಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಅದನ್ನು ತೋರಿಸಿದ್ದು ಯಮನಪ್ಪ. ಬಾಗಲಕೋಟೆ ಕಡೆಯವರು, ಇಲ್ಲಿ ಬಂದು ಹತ್ತು ವರ್ಷದಿಂದ ಮಾಡು ಬಿಚ್ಚುವ, ಹೊದಿಸುವ ಕೆಲಸ. ನಮಗೆ ಹೆಂಚು ಇಳಿಸಿ ಕೊಟ್ಟವರೂ ಅವರೇ. ಒಂದು ಹೆಂಚಿನ ಅಂಚಿನಲ್ಲಿ ಗೆರೆ ಹಾಗೆ ತೋಡು ಇರ್ತದೆ, ಪಕ್ಕದ ಹೆಂಚು ಅದರಲ್ಲಿ ಕಚ್ಚಿಕೊಳ್ತದೆ. ಒಂದು ಕಾರ್ಖಾನೆಯದ್ದು ಇನ್ನೊಂದಕ್ಕೆ ಸರಿ ಕೂರುವುದಿಲ್ಲ.

"ಹೆಸರು ಹೋದ್ರ ಹೋಗ್ಲಿ ಬಿಡ್ರಿ ಅಕ್ಕಾರ" ಅಂದರು ಯಮನಪ್ಪ. "ಮಾಡಿನ ಮ್ಯಾಲ ಇಟ್ಟು ನೋಡೂಣು. ಕಚ್ಚಿದ್ರ ಅವರದು. ಕಚ್ಚಲಿಲ್ಲಂದ್ರ ಮುಂದಿನ ಮನಿ."

ಸಂಜೀವಣ್ಣನ ಮುಖ ಅರಳಿತು. ಅಂದೇ ಕೂತು ಟೈಮ್‌ಟೇಬಲ್ ಹಾಕಿದರು. ಮೂರು ದಿನ, ಒಂದು ಪಿಕಪ್ ಗಾಡಿ, ಮನೆಗೆ ಹದಿನೈದು ನಿಮಿಷ. ಮೊದಲು ಕಾಪು, ಆಮೇಲೆ ಕೆಮ್ಮಣ್ಣು, ಉಡುಪಿ, ಅಲ್ಲಿಂದ ಕಾರ್ಕಳ, ಬರುವಾಗ ದಾರಿಯಲ್ಲಿ ಶಿರ್ವ. "ಶಿರ್ವ ಮೊದಲು ಮಾಡುವ, ಅವರಿಗೆ ಅರ್ಜೆಂಟ್ ಉಂಟು" ಅಂತ ನಾನು ಹೇಳಿದೆ. "ರೂಟು ರೂಟೇ" ಅಂದರು. ಟೈಮ್‌ಕೀಪರ್ ಹತ್ತಿರ ವಾದ ಮಾಡಿ ಗೆದ್ದ ಡ್ರೈವರ್ ಇಲ್ಲ, ನಾನು ಯಾವ ಲೆಕ್ಕ.

ಹೀಗೆ ಹೆಂಚಿಗೆ ಮನೆ ಹುಡುಕುತ್ತಾ ಹೊರಟೆವು. ಜಾತಕ ಹಿಡಿದುಕೊಂಡು ತಿರುಗುವ ಹಾಗೆ. ಯಮನಪ್ಪ ಮೇಲೆ ಹತ್ತುವುದು, ನಾನು ಏಣಿಯಿಂದ ಒಂದೊಂದೇ ಹೆಂಚು ಕೊಡುವುದು, "ಕೂಡಂಗಿಲ್ರಿ" ಅಂತ ಮೇಲಿನಿಂದ ಕೇಳುವುದು, ಕೆಳಗೆ ಸಂಜೀವಣ್ಣ ವಿಸಿಲ್ ಊದುವುದು. ಕೆಲವು ಕಡೆ ಎರಡೆರಡು ಹೆಂಚು ಕೂತವು. ಮನೆಯವರು ಚೆಂದದ್ದನ್ನು ಇಟ್ಟುಕೊಂಡರು, ನಾವು ಸುಮ್ಮನೆ ಒಪ್ಪಿದೆವು. ನವಿಲು ಮಾತ್ರ ಹನ್ನೊಂದು ಮನೆಯ ಮಾಡು ಹತ್ತಿ ಹನ್ನೊಂದರಿಂದಲೂ ಇಳಿಯಿತು. ಕೊನೆಗೆ ಎಲ್ಲಿ ಕಚ್ಚಿತು ಗೊತ್ತುಂಟಾ? ಸಂಜೀವಣ್ಣನ ಬಚ್ಚಲುಮನೆಯಲ್ಲಿ. ಮನೆಯ ಮಾಡು ತಾರಸಿಯಾಗಿ ಹೆಂಚು ಉಳಿದದ್ದು ಬಚ್ಚಲಿಗೆ ಮಾತ್ರ. ಬಚ್ಚಲಿನ ಹೆಂಚು ಕೊಟ್ಟೆ ಅಂತ ಹೇಳಲು ನಾಚಿಕೆಯಾಗಿ ಪಾಪ ಅವರು ಪ್ರದರ್ಶನದಲ್ಲಿ ಆ ಸುದ್ದಿಯೇ ಎತ್ತಿರಲಿಲ್ಲ. ಕಾರ್ಕಳದ ಅಮ್ಮನಿಗೆ ಈ ವಿಷಯ ದಯವಿಟ್ಟು ಹೇಳಬೇಡಿ.

ಮೂರನೇ ದಿನ ಮಧ್ಯಾಹ್ನ ಶಿರ್ವ ಮುಟ್ಟುವಾಗ ಪಡುವಣ ಕಡೆ ಆಕಾಶ ಕಪ್ಪಗಾಗಿತ್ತು. ಗಾಡಿಯಲ್ಲಿ ಉಳಿದದ್ದು ನಾಲ್ಕು ಹೆಂಚು, ಬಾಕಿ ಇದ್ದದ್ದು ನಾಲ್ಕು ಮನೆ. ಯಮನಪ್ಪ ಪ್ಲಾಸ್ಟಿಕ್ ತೆಗೆದು ನಾಲ್ಕನ್ನೂ ಒಂದಾದ ಮೇಲೊಂದು ಇಟ್ಟು ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಮೇಲೆಯೇ ಕೂತು ಟವೆಲಿನಲ್ಲಿ ಮುಖ ಒರೆಸಿಕೊಂಡರು.

"ಯಾವುದೂ ಕೂಡಂಗಿಲ್ರಿ ಅಕ್ಕಾರ. ಇವರದ್ದು ಯಾರ ಮನಿ ಮ್ಯಾಲೋ ಹೋಗಿ ಕುಂತೈತಿ."

ಈಗ ಮೂವತ್ತೇಳು ಮನೆ ಮತ್ತೆ ಹತ್ತಬೇಕಾ? ಸಂಜೀವಣ್ಣ ಮೊದಲ ಸಲ ವಾಚ್ ನೋಡಲಿಲ್ಲ. "ಬಾಯಿ, ಹಿಂದೆ ಪೇರಿಸಿಟ್ಟದ್ದು ಒಂದೂ ಇಲ್ವಾ?" ಅಂತ ಕೇಳಿದರು.

"ಇತ್ತು" ಅಂದರು ಬಾಯಿ. ಐರಿನ್ ಕಡೆ ನೋಡಿದರು. "ಈಗ ಇಲ್ಲ."

ಐರಿನ್ ಎದುರಿನ ಅಂಗಳದ ಕಡೆ ಮುಖ ತಿರುಗಿಸಿದಳು. ಕೈ ಕಟ್ಟಿಕೊಂಡು ಜಗಲಿಯಲ್ಲಿ ನಿಂತಿದ್ದಳು.

ಅಷ್ಟರಲ್ಲಿ ಗಾಳಿ ಬಂತು, ಹಿಂದೆಯೇ ಮಳೆ. ನಮ್ಮ ಮಳೆ ನಿಮಗೆ ಗೊತ್ತಲ್ಲ, ಪೀಠಿಕೆ ಇಲ್ಲ. ಯಮನಪ್ಪ ಪ್ಲಾಸ್ಟಿಕ್ ಎಳೆಯುವಾಗ ಗಾಳಿ ಅದನ್ನು ಕಸಿದುಕೊಂಡು ಪಕ್ಕದ ಮನೆಯ ತೆಂಗಿನ ಮರಕ್ಕೆ ಸಿಕ್ಕಿಸಿತು. ಎಲ್ಲರೂ ಅಡುಗೆಮನೆಗೆ ಓಡಿದೆವು. ತೂತು ಸರಿಯಾಗಿ ಒಲೆಯ ಮೇಲೆಯೇ. ಒಲೆಯ ಮೇಲೆ ಬಂಗುಡೆ ಮೀನಿನ ಸಾರು ಕುದೀತಾ ಇತ್ತು.

ಬಾಯಿ ಒಂದು ಕ್ಷಣ ಮೇಲೆ ನೋಡಿದರು. ಮೂಲೆಯಿಂದ ಕೊಡೆ ತೆಗೆದರು. ಅದನ್ನು ಬಿಚ್ಚಿ ಎಡಗೈಯಲ್ಲಿ ಸಾರಿನ ಮೇಲೆ ಹಿಡಿದು, ಬಲಗೈಯಲ್ಲಿ ಸೌಟು ತಿರುಗಿಸಲು ಶುರು ಮಾಡಿದರು. ಕೊಡೆ ಪಾತ್ರೆಗೆ. ತಾನು ನೆನೀತಾ ಇದ್ದರು.

"ಮಾಂಯ್, ಒಳಗೆ ಬನ್ನಿ" ಅಂದಳು ಐರಿನ್.

"ಹುಳಿ ಈಗಷ್ಟೇ ಹಾಕಿದ್ದು."

"ಜ್ವರ ಬರ್ತದೆ."

"ಹನಿ ಬಿತ್ತಲ್ಲ. ನೀನು ಗೆದ್ದಿ. ರೋಶನಿಗೆ ಫೋನ್ ಮಾಡು, ಶೀಟಿನವರಿಗೂ ಮಾಡು. ಅವರು ಬರುವವರೆಗೆ ಸಾರು ಆಗ್ತದೆ."

ಇದನ್ನು ಬಾಯಿ ಸಿಟ್ಟಿನಲ್ಲಿ ಹೇಳಲಿಲ್ಲ. ನಾಳೆ ಬಸ್ಸಿಲ್ಲ ಅಂತ ಹೇಳುವ ಹಾಗೆ ಹೇಳಿದರು. ನಾನು ಬಾಗಿಲಿನ ಹತ್ತಿರ ಒಂದು ಬೇಡದ ಹೆಂಚು ಹಿಡಿದುಕೊಂಡು ನಿಂತಿದ್ದೆ. ಆ ಹೊತ್ತು ಯಾರಾದರೂ ಸಂರಕ್ಷಣೆ ಅಂದರೆ ಎಂತ ಅಂತ ಕೇಳಿದ್ದರೆ ಅತ್ತೇ ಬಿಡ್ತಿದ್ದೆ.

ಐರಿನ್ ತಿರುಗಿ ಮಳೆಗೆ ಇಳಿದು ಹೋದಳು. ಫೋನಿಗೆ ಸಿಗ್ನಲ್ ಹುಡುಕಲು ಹೋದಳು ಅಂತ ನಾವೆಲ್ಲ ಎಣಿಸಿದೆವು. ಮನೆಯ ಎದುರು ಅವಳದ್ದೊಂದು ಅಂಥೂರಿಯಂ ತೋಟ ಉಂಟು, ಶಿರ್ವದಲ್ಲಿಯೇ ಹೆಸರು ಮಾಡಿದ್ದು. ಕೆಸರಿಗೆ ಮಂಡಿ ಊರಿ ಕೂತು ಆ ತೋಟದ ಅಂಚಿನಿಂದ ಎಂತದ್ದೋ ಎಳೀತಿದ್ದಳು. ಓಡಿ ಹೋಗಿ ನೋಡಿದರೆ, ಹೂವಿನ ಪಾತಿಯ ಸುತ್ತ ಅರ್ಧ ಹೂತು ಬೇಲಿ ಹಾಗೆ ನಿಲ್ಲಿಸಿದ್ದು ಅದೇ ಅಡುಗೆಮನೆಯ ಹೆಂಚುಗಳು. ಪೇರಿಸಿಟ್ಟದ್ದು ಹೋದದ್ದು ಇಲ್ಲಿಗೆ.

"ನೋಡ್ತಾ ನಿಲ್ಲಬೇಡ, ಆ ಕಡೆ ಹಿಡಿ" ಅಂದಳು. "ನನ್ನ ಸಾಲು ಹಾಳಾಯಿತು. ಸಾರು ಹಾಳಾದರೆ ಮಾಂಯ್ ಮೂರು ದಿನ ಮಾತಾಡುವುದಿಲ್ಲ, ಅದು ಇದಕ್ಕಿಂತ ಕಷ್ಟ."

ಹೆಂಚು ಅಡುಗೆಮನೆಯ ಬಾಗಿಲಿಗೆ ಬಂತು, ಪಾಚಿ, ಬೇರು, ಒಂದು ಎರೆಹುಳ ಎಲ್ಲ ಸಮೇತ. ನನ್ನ ಕೈ ತನ್ನಿಂದ ತಾನೇ ಶಾಲಿನ ತುದಿ ಹಿಡಿದು ಅದನ್ನು ಒರೆಸಲು ಹೋಯಿತು.

"ಮುಟ್ಟಬೇಡ" ಅಂದರು ನಾಲ್ಕು ಜನ, ಒಟ್ಟಿಗೆ.

ಯಮನಪ್ಪ ಜಾರುವ ಮಾಡಿನ ಮೇಲೆ ಹೇಗೆ ಹತ್ತಿದರೋ ದೇವರಿಗೇ ಗೊತ್ತು. ಟಕ್ ಅಂತ ಒಂದು ಶಬ್ದ ಕೇಳಿತು. "ಕಚ್ಚಿತ್ರಿ" ಅಂದರು. ಒಲೆಯ ಮೇಲಿನ ಆಕಾಶ ಮುಚ್ಚಿತು. ಬಾಯಿ ಕೊಡೆ ಮಡಚಿ, ಸೌಟಿನಲ್ಲಿ ಸಾರು ತೆಗೆದು ರುಚಿ ನೋಡಿ, "ಸ್ವಲ್ಪ ನೀರಾಯಿತು" ಅಂದರು. ಒಪ್ಪಂದದ ವಿಷಯ ಯಾರೂ ತೆಗೆಯಲಿಲ್ಲ. ಐರಿನ್ ತಲೆ ಒರೆಸಿಕೊಳ್ಳುತ್ತಾ, "ಅದು ಸೋರಿದ್ದಲ್ಲ, ತೂತಿನಿಂದ ಬಂದದ್ದು. ಸೋರುವುದು ಅಂದರೆ ಹೆಂಚು ಇದ್ದೂ ಬರಬೇಕು" ಅಂತ ಗೋಡೆಗೆ ಹೇಳಿದಳು. ಸಂಜೀವಣ್ಣ ಅದನ್ನು ಗಂಭೀರವಾಗಿ ಒಪ್ಪಿದರು. ಎಲ್ಲರೂ ಊಟ ಮಾಡಿದೆವು. ಹದಿನೈದು ನಿಮಿಷದ ಸ್ಟಾಪು, ಎರಡು ಗಂಟೆ ನಿಂತೆವು, ವಿಸಿಲ್ ಕಿಸೆಯಿಂದ ಹೊರಗೆ ಬರಲಿಲ್ಲ.

ಬಾಯಿಯ ಆ ಕಪ್ಪು ಹೆಂಚು ಇವತ್ತಿಗೂ ಯಾರದೋ ಮನೆಯ ಮೇಲೆ ಕೆಂಪಗೆ ಕೂತುಂಟು. ಬಸ್ಸಿನಲ್ಲಿ ಹೋಗುವಾಗ ನಾನು ಮಾಡುಗಳನ್ನು ನೋಡ್ತಾ ಹೋಗ್ತೇನೆ. ಇದು ಬಾಯಿಯದ್ದಾ, ಅದು ಬಾಯಿಯದ್ದಾ ಅಂತ. ಮೊದಲು ಹಳೇ ಮನೆ ಕಂಡರೆ ನನಗೆ ಹೆಂಚಿನ ಅಡಿಯ ಕಾರ್ಖಾನೆ ಗುರುತಿನ ಯೋಚನೆ ಮಾತ್ರ ಬರ್ತಿತ್ತು. ಈಗ ಕೆಳಗೆ ಎಂತ ಅಡುಗೆ ಆಗ್ತಾ ಇರಬಹುದು ಅಂತಲೂ ಯೋಚನೆ ಬರ್ತದೆ.

ಇದನ್ನು ಟೈಪ್ ಮಾಡ್ತಿರುವಾಗಲೇ ಐರಿನ್‌ಗೊಂದು ಮೆಸೇಜ್ ಹಾಕಿದೆ, ನಿಮ್ಮ ಕಥೆ ಬರೀತಾ ಇದ್ದೇನೆ ಅಂತ. ಅವಳು ಒಂದು ಫೋಟೋ ಕಳಿಸಿದಳು. ಅಡುಗೆಮನೆಯ ಮಾಡು. ನಡುವೆ ಆ ಹೆಂಚು, ಅದರ ಅಂಚಿನಿಂದ ಒಂದು ಗೇಣು ಎತ್ತರದ ಜರಿಗಿಡ ಹಸಿರಾಗಿ ಎದ್ದು ನಿಂತುಂಟು. ಪಾತಿಯಿಂದ ಬೇರಿನ ಜೊತೆಗೇ ಮೇಲೆ ಹೋದದ್ದಿರಬೇಕು. ಕೆಳಗೆ ಬರೆದಿದ್ದಳು: "ರೋಶನ್ ರಜೆಗೆ ಬಂದಿದ್ದಾರೆ. ಈ ಸಲ ಅವರೇ ಶೀಟಿನ ವಿಷಯ ತೆಗೆದರು."

"ನೀವು ಎಂತ ಹೇಳಿದಿರಿ?" ಅಂತ ಕೇಳಿದೆ.

"ಮುಟ್ಲಿಕ್ಕಿಲ್ಲ ಅಂದೆ. ಮೇಲೆ ನನ್ನ ಗಿಡ ಉಂಟು."